ಹಾಜರಿಗೆ ಉಪ್ಪಿಟ್ಟು

ಹೋದ ವಾರ ಹಲ್ಲು ತೋರಿಸಲು ಇಂದಿರಾನಗರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಕೂತರೆ ಏಳಲಾಗದಂಥ ಸೋಫಾ, ಗಾಜಿನ ತೊಟ್ಟಿಯಲ್ಲಿ ನಮಗಿಂತ ಆರೋಗ್ಯವಾಗಿರುವ ಮೀನುಗಳು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿಕೊಂಡು "ನಾಗರತ್ನ" ಎಂದು ಕರೆದಳು. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ "ಉಪ್ಪಿಟ್ಟು" ಎಂದೆ.

ಹುಡುಗಿ ಕಂಪ್ಯೂಟರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಂಪ್ಯೂಟರನ್ನು ನೋಡಿದಳು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಬಹಳ ಕನಿಕರದಿಂದ, "ರವೆ ಹಲ್ಲಲ್ಲಿ ಸಿಕ್ಕಾಕೊಂಡ್ರೆ ಹಂಗೇರಿ, ಬಿಸಿನೀರಲ್ಲಿ ಮುಕ್ಕಳಿಸಿ" ಎಂದರು. ನಾನು ಆಗಲಿ ಎಂದು ತಲೆಯಾಡಿಸಿ ಒಳಗೆ ಹೋದೆ. ನಿಜ ಸಂಗತಿ ವಿವರಿಸುತ್ತ ನಿಂತಿದ್ದರೆ ನನ್ನನ್ನು ಹಲ್ಲಿನ ಡಾಕ್ಟರ ಬದಲು ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ನಿಮಗಾದರೆ ವಿವರಿಸಬಹುದು, ನಿಮಗೆ ಪುರಸೊತ್ತಿದೆ. ನಾನು ಬದಲಿ ಟೀಚರು. ಬಿ.ಎಡ್. ಆಗಿದೆ, ಲೆಕ್ಕವೂ ಬರುತ್ತದೆ, ಆದರೆ ಇದು ನನ್ನ ತರಗತಿ ಎಂದು ಹೇಳಿಕೊಳ್ಳಬಹುದಾದ ಕೋಣೆ ಈ ಊರಲ್ಲಿ ಒಂದೂ ಇಲ್ಲ. ಹಲಸೂರು, ಶಿವಾಜಿನಗರ, ಕುಕ್ ಟೌನಿನ ಕಡೆಯ ಯಾವುದಾದರೂ ಶಾಲೆಯಲ್ಲಿ ಯಾರಿಗೋ ಹೆರಿಗೆ, ಯಾರಿಗೋ ಟೈಫಾಯ್ಡ್, ಯಾರದೋ ಮಗಳ ಮದುವೆ ಎಂದಾದರೆ ನನಗೆ ಫೋನು ಬರುತ್ತದೆ. ದಾರಿಯಲ್ಲಿ ಪರಿಚಯದ ಟೀಚರು ಸಿಕ್ಕಿ ನಾನು "ಆರೋಗ್ಯ ಹೇಗಿದೆ" ಎಂದು ಕೇಳಿದರೆ ಅವರು ಅನುಮಾನದಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಈ ಬದಲಿ ವ್ಯವಸ್ಥೆಯ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಚಿಕ್ಕಂದಿನಲ್ಲೇ. ನಾನು ಓದಿದ ಹಲಸೂರಿನ ಶಾಲೆಯಲ್ಲಿ ಟೀಚರು ಬರದಿದ್ದರೆ ತರಗತಿಯ ಮಕ್ಕಳನ್ನು ಪಾಲು ಮಾಡಿ ಬೇರೆ ತರಗತಿಗಳಿಗೆ ಹಂಚಿಬಿಡುತ್ತಿದ್ದರು. ಎರಡನೆಯ ಕ್ಲಾಸಿನ ನನ್ನ ಪಾಲಿಗೆ ಯಾವಾಗಲೂ ಏಳನೆಯ ಕ್ಲಾಸೇ ಬರುತ್ತಿತ್ತು. ಹಿಂದಿನ ಗೋಡೆಗೊರಗಿ ನೆಲದ ಮೇಲೆ ಕೂತು ಕೇಳುತ್ತಿದ್ದೆ. ಹಾಗಾಗಿ ನನಗೆ ಮೂರರ ಮಗ್ಗಿಗಿಂತ ಮೊದಲು ಚಕ್ರಬಡ್ಡಿ ಬಂತು. ಮನೆಯಲ್ಲಿ ನಮ್ಮಪ್ಪ ಆ ವಿಷಯವನ್ನು ಬಂದವರಿಗೆಲ್ಲ ಹೇಳಿಕೊಂಡು, ನಾನು ಬ್ಯಾಂಕಿಗೇ ಸೇರುವುದು ಎಂದು ತೀರ್ಮಾನಿಸಿದ್ದರು.

ಒಮ್ಮೆ ವಿಜ್ಞಾನದ ಟೀಚರು ಬಂದಿರಲಿಲ್ಲ. ಡ್ರಿಲ್ ಮಾಸ್ಟರು ಬದಲಿಗೆ ಬಂದರು. ಪಾಠ ಯಾವುದೆಂದು ನೋಡಿದರು, ಭೂಮಿಯ ಪರಿಭ್ರಮಣೆ. ಅವರು ಪುಸ್ತಕ ಮುಚ್ಚಿ ನಮ್ಮನ್ನು ಮೈದಾನಕ್ಕೆ ಹೊಡೆದುಕೊಂಡು ಹೋಗಿ ಗ್ರಹಗಳಾಗಿ ನಿಲ್ಲಿಸಿ ಸೀಟಿ ಊದಿದರು. ನಾನು ಭೂಮಿ. ತಿರುಗಿ ತಿರುಗಿ ತಲೆಸುತ್ತು ಬಂದು, "ಸೂರ್ಯ ಯಾರು ಸಾರ್?" ಎಂದು ಕೇಳಿದೆ. ಅವರು ನೆತ್ತಿಯ ಮೇಲೆ ಸುಡುತ್ತಿದ್ದ ನಿಜವಾದ ಸೂರ್ಯನ ಕಡೆ ಕೈ ತೋರಿಸಿ, "ಅದು ಪರ್ಮನೆಂಟು. ನೀನು ತಿರುಗು" ಎಂದರು. ಅಷ್ಟು ಚೆನ್ನಾಗಿ ಆ ಪಾಠವನ್ನು ನನಗೆ ಮತ್ತೆ ಯಾರೂ ಹೇಳಿಕೊಡಲಿಲ್ಲ.

ನನ್ನ ವೃತ್ತಿಯ ಸುದ್ದಿ ಬೀದಿಯಲ್ಲಿ ಹರಡಿ ಈಗ ಶಾಲೆಯ ಹೊರಗೂ ಬದಲಿಗೆ ಕರೆಯುತ್ತಾರೆ. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಮಾರತ್ತಹಳ್ಳಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಒಂದು ಶನಿವಾರ ಅವರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, "ನಾಗರತ್ನ ಆಂಟಿ, ಪೇರೆಂಟ್ಸ್ ಮೀಟಿಂಗ್ ಇದೆ, ನಮ್ಮ ಬದಲು ಹೋಗ್ಬಿಡ್ತೀರಾ" ಎಂದು ಫೋನು ಮಾಡಿದರು. ಹೋದೆ. ಅವರ ಮಗನ ಬಗ್ಗೆ ಅಲ್ಲಿದ್ದ ಟೀಚರು ಬಹಳ ಎಚ್ಚರಿಕೆಯಿಂದ ಮಾತಾಡುತ್ತಿದ್ದರು. ನಾನೂ ಎಚ್ಚರಿಕೆಯಿಂದ ಉತ್ತರ ಕೊಡುತ್ತಿದ್ದೆ. ಅರ್ಧ ಗಂಟೆಯಾದ ಮೇಲೆ ಅವರೂ ಬದಲಿ ಟೀಚರು ಎಂದು ಗೊತ್ತಾಯಿತು. ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲದ ಆ ಹುಡುಗ ನೀರು ಸ್ವಲ್ಪ ಹೆಚ್ಚು ಕುಡಿಯಬೇಕು ಎಂದು ನಾವಿಬ್ಬರೂ ಒಮ್ಮತದಿಂದ ತೀರ್ಮಾನಿಸಿ ಎದ್ದೆವು. ಅವನು ಈಗಲೂ ಕುಡಿಯುತ್ತಿದ್ದಾನೆ ಎಂದು ಕೇಳಿದ್ದೇನೆ.

ಹೀಗೆ ಬದಲಿಯಲ್ಲೇ ಬದುಕಿದವಳಿಗೆ ಒಂದು ನೀತಿ ಇರುತ್ತದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆದ ಕರ್ಚೀಫು ನಾನು. ಸೀಟು ನನ್ನದಲ್ಲ, ಹಿಂದೆ ಬರುವವರದು. ಬರುವ ತನಕ ಬೇರೆಯವರು ಕೂರದ ಹಾಗೆ ನೋಡಿಕೊಳ್ಳಬೇಕು, ಸೀಟಿನ ಆಕಾರ ಕೆಡಿಸಬಾರದು. ಹೋದ ಟೀಚರು ಹೇಗೆ ಪಾಠ ಮಾಡುತ್ತಿದ್ದರೋ ಹಾಗೇ ಮಾಡಬೇಕು. ಈ ನೀತಿಯೇ ನನ್ನನ್ನು ಏಳನೆಯ ಬಿ ತರಗತಿಯಲ್ಲಿ ಹಳ್ಳಕ್ಕೆ ಕೆಡವಿದ್ದು.

ಅದು ಶಿವಾಜಿನಗರದ ಪಕ್ಕದ ಒಂದು ಹಳೆಯ ಶಾಲೆ. ಲೆಕ್ಕದ ಸ್ಟೆಲ್ಲಾ ಮಿಸ್‌ಗೆ ಮಂಡಿಯ ಆಪರೇಷನ್. ಸ್ಟೆಲ್ಲಾ ಮಿಸ್ ಎಂದರೆ ಮೂವತ್ತು ವರ್ಷದಿಂದ ಆ ಶಾಲೆಯ ಸಿಂಹ. ಅವರು ಕಾರಿಡಾರಿನಲ್ಲಿ ನಡೆದರೆ ಪಾರಿವಾಳಗಳೂ ಸಾಲಾಗಿ ಕೂರುತ್ತವೆ ಎಂದು ಆಯಾ ಹೇಳಿದಳು. ಅವರ ಕುರ್ಚಿಯಲ್ಲಿ ಕೂರುವುದು ಎಂದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ದಿನ ಹಾಜರಿ ತೆಗೆದುಕೊಂಡೆ. ಮೊದಲ ಹೆಸರು "ಅಫ್ರೀನ್" ಎಂದೆ. ಆ ಹುಡುಗಿ ಬಾಯಿ ತೆರೆಯುವ ಮೊದಲು ಮೂರನೆಯ ಬೆಂಚಿನಿಂದ ಇನ್ನೊಬ್ಬಳು ಎದ್ದಳು. ಹೆಸರು ತಬಸ್ಸುಮ್, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವಳ ಅಬ್ಬಾನ ಬಟ್ಟೆ ಅಂಗಡಿ. ಗಿರಾಕಿಯನ್ನು ಒಳಗೆ ಕೂರಿಸುವ ಕಲೆ ರಕ್ತದಲ್ಲೇ ಇತ್ತು.

"ಹಂಗೆ ಅಲ್ಲ ಮಿಸ್," ಎಂದಳು. "ಸ್ಟೆಲ್ಲಾ ಮಿಸ್ ಕರೆದ್ರೆ ನಾವು ಪ್ರೆಸೆಂಟ್ ಅನ್ನಲ್ಲ. ಬೆಳಿಗ್ಗೆ ನಾಷ್ಟಾ ಏನು ತಿಂದ್ವಿ ಅಂತ ಹೇಳ್ತೀವಿ."

"ಯಾಕಮ್ಮಾ?"

"ಹೊಟ್ಟೆ ಖಾಲಿ ಇದ್ರೆ ಲೆಕ್ಕ ತಲೆಗೆ ಹೋಗಲ್ಲ ಅಂತ ಮಿಸ್. ಸ್ಟೆಲ್ಲಾ ಮಿಸ್ ರೂಲು."

ಎಂಥ ತಾಯಿಕರುಳು ಎಂದುಕೊಂಡೆ. ಸಿಂಹದ ಒಳಗೆ ಹಸು ಇದೆ ಎಂದು ಯಾರಿಗೆ ಗೊತ್ತಿತ್ತು. ಮತ್ತೆ "ಅಫ್ರೀನ್" ಎಂದೆ. "ಪರಾಠಾ" ಎಂದಳು. ಆಮೇಲೆ ಪೊಂಗಲ್, ಬ್ರೆಡ್ಡು ಆಮ್ಲೆಟ್ಟು, ಖಿಚಡಿ, ಇಡ್ಲಿ, ನಿನ್ನೆಯ ಬಿರಿಯಾನಿ. ಕೊನೆಯ ಬೆಂಚಿನಲ್ಲಿ ಶರಣಮ್ಮ ಎಂಬ ಹುಡುಗಿ ಇದ್ದಳು. ಯಾದಗಿರಿ ಕಡೆಯವರು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಅಲ್ಲಿಯತನಕ ಅವಳು ತರಗತಿಯಲ್ಲಿ ಬಾಯಿಬಿಟ್ಟಿದ್ದೇ ಇಲ್ಲವಂತೆ. ಅವಳು ಎದ್ದು ನಿಂತು, "ರೊಟ್ಟಿ, ಪುಂಡಿಪಲ್ಯ, ಮ್ಯಾಲೆ ಶೇಂಗಾ ಹಿಂಡಿ ರೀ" ಎಂದು ಗಟ್ಟಿಯಾಗಿ ಹೇಳಿದಾಗ ಇಡೀ ತರಗತಿ ಹಿಂದಕ್ಕೆ ತಿರುಗಿ ಜೊಲ್ಲು ನುಂಗಿತು. ಅವರೆಲ್ಲ ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲವೆಂದು ನನ್ನದನ್ನೂ ಹೇಳಿದೆ. ಉಪ್ಪಿಟ್ಟು. ಕ್ಲಿನಿಕ್ಕಿನಲ್ಲಿ ಬಾಯಿಂದ ಬಿದ್ದದ್ದು ದಿನಾ ಹೇಳಿ ಹೇಳಿ ಬಂದ ಆ ಅಭ್ಯಾಸ.

ಎರಡನೆಯ ವಾರ ಇನ್ನೊಂದು ರೂಲು ಹೊರಬಿತ್ತು. ಲೆಕ್ಕ ತಪ್ಪು ಹೇಳಿದವರು ಮಿಸ್ ಕುರ್ಚಿಯಲ್ಲಿ ಕೂರಬೇಕು, ಮಿಸ್ ಅವರ ಜಾಗದಲ್ಲಿ ಬೆಂಚಿನ ಮೇಲೆ ಕೂರಬೇಕು. ಟೀಚರಾದರೆ ತಾನಾಗಿ ಬುದ್ಧಿ ಬರುತ್ತದೆ ಎಂದು ಸ್ಟೆಲ್ಲಾ ಮಿಸ್ ಹೇಳುತ್ತಾರಂತೆ. ಎಷ್ಟು ಆಳವಾದ ಮಾತು ಎಂದು ನಾನು ಬೆಂಚಿನ ಮೇಲೆ ಕೂತೆ. ಮಕ್ಕಳಿಗೆ ಕುರ್ಚಿಯ ಹುಚ್ಚು ಹಿಡಿಯಿತು. ಎಲ್ಲರೂ ತಪ್ಪು ಹೇಳಲು ನಾ ಮುಂದು ತಾ ಮುಂದು ಎಂದರು. ಆದರೆ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೆ ಅದು ಸರಿಯಾಗಿಬಿಡುವ ಅಪಾಯವಿತ್ತು. ಹೀಗೆ ಅಕಸ್ಮಾತ್ತಾಗಿ ಸರಿ ಹೇಳಿ ಕುರ್ಚಿ ಕಳೆದುಕೊಂಡ ಒಬ್ಬ ಹುಡುಗ ಮಧ್ಯಾಹ್ನ ಊಟ ಮಾಡಲಿಲ್ಲ. ಖಂಡಿತವಾಗಿ ತಪ್ಪು ಹೇಳಬೇಕಾದರೆ ಸರಿ ಉತ್ತರ ಗೊತ್ತಿರಲೇಬೇಕು. ಹಾಗಾಗಿ ಎಲ್ಲರೂ ಮನೆಯಲ್ಲಿ ಲೆಕ್ಕ ಮಾಡಿಕೊಂಡು, ಸರಿ ಉತ್ತರ ಕಂಡುಹಿಡಿದು, ಅದನ್ನು ಬಿಟ್ಟು ಬೇರೆ ಹೇಳತೊಡಗಿದರು. ಪರೀಕ್ಷೆಯಲ್ಲಿ ಕುರ್ಚಿಯ ಆಸೆ ಇಲ್ಲವಲ್ಲ, ಅಲ್ಲಿ ಸರಿಯಾದದ್ದನ್ನೇ ಬರೆದರು. ಏಳನೆಯ ಬಿ ಲೆಕ್ಕದಲ್ಲಿ ಮೊದಲು ಬಂತು.

ಬುಧವಾರಗಳಂದು ಇಡೀ ತರಗತಿ ಉಲ್ಟಾ ಕೂರಬೇಕು ಎಂಬುದು ಆಮೇಲಿನ ರೂಲು. ಬೋರ್ಡಿಗೆ ಬೆನ್ನು, ಹಿಂದಿನ ಗೋಡೆಗೆ ಮುಖ. ಹಿಂದಿನ ಬೆಂಚಿನ ಶರಣಮ್ಮ ವಾರಕ್ಕೊಂದು ದಿನ ಮೊದಲ ಬೆಂಚಿನವಳಾದಳು.

ಅಂಥ ಒಂದು ಬುಧವಾರ ಎಚ್.ಎಂ. ಮೇಡಂ ರೌಂಡ್ಸಿಗೆ ಬಂದರು. ಮಕ್ಕಳೆಲ್ಲ ಗೋಡೆ ನೋಡುತ್ತಿದ್ದಾರೆ, ಕುರ್ಚಿಯಲ್ಲಿ ತಬಸ್ಸುಮ್ ಕಾಲ ಮೇಲೆ ಕಾಲು ಹಾಕಿಕೊಂಡಿದ್ದಾಳೆ, ನಾನು ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದೇನೆ.

"ಏನಿದು?" ಎಂದರು.

"ಸ್ಟೆಲ್ಲಾ ಮಿಸ್ ಪದ್ಧತಿ ಮೇಡಂ," ಎಂದೆ.

ಮೇಡಂ ಬಂದ ಹಾಗೇ ಹೊರಟುಹೋದರು. ಸ್ಟೆಲ್ಲಾ ಮಿಸ್ಸನ್ನು ಪ್ರಶ್ನೆ ಕೇಳಿದ ಎಚ್.ಎಂ. ಆ ಶಾಲೆಯ ಚರಿತ್ರೆಯಲ್ಲೇ ಇಲ್ಲ. ಲೆಕ್ಕದ ಅಂಕಗಳು ಹೇಗೂ ಅವರ ಕಣ್ಣಿಗೆ ಬಿದ್ದಿದ್ದವು. ಮುಂದಿನ ವಾರದಿಂದ ಇಡೀ ಶಾಲೆಯಲ್ಲಿ ಈ ಪದ್ಧತಿ ಜಾರಿಗೆ ಬಂತು. ಹಿಂದಿ ಸಾರು ತಿಂಡಿ ಕೇಳಿದರು, ಪಿ.ಟಿ. ಸಾರು ಸೀಟಿ ಊದಿ ತಿಂಡಿ ಕೇಳಿದರು. ಒಂದೇ ಇಡ್ಲಿಯನ್ನು ದಿನಕ್ಕೆ ಏಳು ಸಲ ಹೇಳಿ ಹೇಳಿ ಮಕ್ಕಳಿಗೆ ಅಜೀರ್ಣವಾಗುವ ಹಾಗಾಯಿತು. ಸ್ಟಾಫ್ ರೂಮಿನಲ್ಲಿ ಮೇಡಂ ಟೀಚರುಗಳ ಹಾಜರಿಯನ್ನೂ ಹಾಗೇ ತೆಗೆದುಕೊಂಡರು. ವಿಜ್ಞಾನದ ಟೀಚರು ಡಯಟ್ಟಿನಲ್ಲಿದ್ದರು, "ಓಟ್ಸ್" ಎನ್ನಲು ನಾಚಿಕೆಪಟ್ಟು ದಿನಾ ಮಸಾಲೆದೋಸೆ ಎಂದು ಸುಳ್ಳು ಹೇಳುತ್ತಿದ್ದರು.

ಒಂದು ಭಾನುವಾರ ಮೇಡಂ ಮೂಸಂಬಿ ಹಿಡಿದುಕೊಂಡು ಕುಕ್ ಟೌನಿನ ಸ್ಟೆಲ್ಲಾ ಮಿಸ್ ಮನೆಗೆ ಹೋಗಿ, "ಇಷ್ಟೆಲ್ಲ ಇಷ್ಟು ವರ್ಷ ಬಚ್ಚಿಟ್ಕೊಂಡಿದ್ರಲ್ಲ ಸ್ಟೆಲ್ಲಾ" ಎಂದು ಅವರನ್ನು ಅಪ್ಪಿಕೊಂಡು ಬಂದರಂತೆ. ಸಂಜೆ ನನಗೆ ಫೋನು ಬಂತು. "ನಾನು ಸ್ಟೆಲ್ಲಾ. ನಾಳೆ ಸ್ಕೂಲ್ ಮುಗಿಸಿ ಮನೆಗೆ ಬನ್ನಿ." ಅಷ್ಟೇ ಹೇಳಿ ಇಟ್ಟರು.

ಹೋದೆ. ಹಳೆಯ ಬಂಗಲೆಯೊಂದರ ಪಕ್ಕಕ್ಕೆ ಅಂಟಿಕೊಂಡ ಎರಡು ಕೋಣೆ. ಮಿಸ್ ಒಬ್ಬರೇ ಇದ್ದರು, ಮುಂದೆ ವಾಕರು. ನೋಡಿದರೆ ಪಾರಿವಾಳಗಳು ಸಾಲಾಗಿ ಕೂರುವುದು ಸುಳ್ಳಲ್ಲ ಅನ್ನಿಸಿತು. ನಾನೂ ಕೂತೆ.

"ಎನ್ನಮ್ಮಾ ಇದೆಲ್ಲಾ?" ಎಂದರು. "ನನ್ನ ಸರ್ವೀಸಲ್ಲಿ ಒಂದು ಮಗೂನ ನಾನು ತಿಂಡಿ ಆಯ್ತಾ ಅಂತ ಕೇಳಿಲ್ಲ."

ನಾನು ಬೇಸ್ತು ಬಿದ್ದದ್ದು ಆ ಕ್ಷಣದಲ್ಲಿ ಗೊತ್ತಾಯಿತು. ಇಡೀ ಏಳನೆಯ ಬಿ ಸೇರಿಕೊಂಡು ನನ್ನ ಕಿವಿಗೆ ಹೂವಿಟ್ಟಿತ್ತು. ನಾನು ಆ ಹೂವನ್ನು ಇಡೀ ಶಾಲೆಗೆ ಹಂಚಿದ್ದೆ. ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯದೆ ಎದುರಿದ್ದ ಮೂಸಂಬಿಗಳನ್ನು ನೋಡುತ್ತ ಕೂತೆ.

ಬೈಗುಳ ಬರಲಿಲ್ಲ. ಮಿಸ್ ಬೇರೆ ಧ್ವನಿಯಲ್ಲಿ ಕೇಳಿದರು: "ಮಕ್ಕಳು ನಿಜವಾಗ್ಲೂ ನನ್ನ ಹೆಸರು ಹೇಳಿದ್ರಾ?"

"ದಿನಾ ಹೇಳ್ತಾರೆ ಮಿಸ್. ಸ್ಟೆಲ್ಲಾ ಮಿಸ್ ಹಿಂಗೆ, ಸ್ಟೆಲ್ಲಾ ಮಿಸ್ ಹಂಗೆ ಅಂತ. ಕೇಳಿ ಕೇಳಿ ನಂಗೇ ನಿಮ್ಮ ಕ್ಲಾಸಲ್ಲಿ ಓದ್ಬೇಕು ಅನ್ನಿಸ್ತಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. "ಲೀವ್ ಮುಗಿದ ಮೇಲೆ ಬರೋದಿಲ್ಲ ಅಂತ ತೀರ್ಮಾನ ಮಾಡಿದ್ದೆ," ಎಂದರು. "ನಾನು ಒಳಗೆ ಹೋದ್ರೆ ಕ್ಲಾಸು ಸೈಲೆಂಟ್ ಆಗುತ್ತಲ್ಲ, ಅದನ್ನ ರೆಸ್ಪೆಕ್ಟ್ ಅಂದ್ಕೊಂಡಿದ್ದೆ. ಆಸ್ಪತ್ರೇಲಿ ಮಲಗಿದಾಗ ಅದೇ ಸೈಲೆನ್ಸು. ಒಂದು ಮಗು ನೋಡೋಕೆ ಬರ್ಲಿಲ್ಲ. ಇನ್ಯಾಕೆ ಹೋಗ್ಲಿ?"

ಅವರು ವಾಕರು ಹತ್ತಿರಕ್ಕೆ ಎಳೆದುಕೊಂಡು ನೆಟ್ಟಗೆ ಕೂತರು.

"ಹೇಳ್ಕೊಡಿ," ಎಂದರು.

"ಏನನ್ನ ಮಿಸ್?"

"ನಾನು ಏನೇನು ಮಾಡ್ತಿದ್ದೆ ಅಂತ."

ಹೀಗೆ ಸ್ಟೆಲ್ಲಾ ಮಿಸ್‌ಗೆ ಸ್ಟೆಲ್ಲಾ ಮಿಸ್ ಆಗುವುದನ್ನು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಿ.ಎಡ್.ನಲ್ಲಿ ಇದಕ್ಕೊಂದು ಪಾಠ ಇರಲಿಲ್ಲ. ದಿನಾ ಸಂಜೆ ನಾನು ಇಡೀ ಏಳನೆಯ ಬಿ ಆಗಿ ಸೋಫಾದ ಮೇಲೆ ಕೂರುತ್ತಿದ್ದೆ, ಅವರು ಅವರಾಗಿ ಎದುರಿಗೆ ನಿಲ್ಲುತ್ತಿದ್ದರು. ಅವರಷ್ಟು ಕೆಟ್ಟದಾಗಿ ಸ್ಟೆಲ್ಲಾ ಮಿಸ್ ಪಾತ್ರ ಮಾಡುವವರನ್ನು ನಾನು ಕಂಡಿಲ್ಲ. "ಅಫ್ರೀನ್" ಎಂದು ಕರೆಯುವರು. ನಾನು "ಪರಾಠಾ" ಎನ್ನುವೆ. "ಫುಲ್ ಸೆಂಟೆನ್ಸಲ್ಲಿ ಹೇಳು" ಎಂದು ಗುಡುಗುವರು. ನಾನು "ನಿನ್ನೆಯ ಸಾರು, ಅನ್ನ" ಎಂದರೆ ಕೈ ಚಾಚಿ ಬೆಂಚಿನ ಮೇಲೆ ನಿಲ್ಲಲು ಹೇಳುವರು.

"ಸ್ಟೆಲ್ಲಾ ಮಿಸ್ ಹಂಗೆಲ್ಲ ಮಾಡಲ್ಲ ಮಿಸ್," ಎಂದೆ ಒಂದು ಸಲ, ತಾಳ್ಮೆ ತಪ್ಪಿ.

"ನೀವು ನನಗೆ ಹೇಳ್ತೀರಾ?" ಎಂದು ಕಣ್ಣು ಕೆಕ್ಕರಿಸಿದರು. ಆಮೇಲೆ ಮೆತ್ತಗಾಗಿ, "ಹೌದಲ್ಲ, ಮಾಡಲ್ಲ," ಎಂದು ಮತ್ತೆ ಮೊದಲಿಂದ ಹಾಜರಿ ಹಿಡಿದರು. ಹೊಸ ಮಂಡಿಗೆ ಬೆಂಚು ಆಗದು ಎಂದು ಕುರ್ಚಿಯ ರೂಲನ್ನು ಮುಂದಕ್ಕೆ ಹಾಕಿದೆವು. ಉಲ್ಟಾ ಬುಧವಾರ ಮಾತ್ರ ಅವರಿಗೆ ಕೂಡಲೇ ಹಿಡಿಸಿತು. ಹಿಂದಿನ ಬೆಂಚಿನವರು ಏನು ಮಾಡುತ್ತಾರೆ ಎಂದು ನೋಡುವ ಆಸೆ ಮೊದಲಿಂದಲೂ ಇತ್ತಂತೆ.

ಶಾಲೆಗೆ ಬರುವ ಹಿಂದಿನ ದಿನ ಅವರು ಒಂದು ಮಾತು ಹೇಳಿದರು. "ನಾಗರತ್ನ, ಒಂದೇ ಒಂದು ಮಗು ನಕ್ಕರೂ ಸಾಕು. ಹಿಂದಕ್ಕೆ ತಿರುಗಿ ಬಂದ್ಬಿಡ್ತೀನಿ. ಆಮೇಲೆ ಆ ಗೇಟ್ ಕಡೆ ತಲೆ ಹಾಕಲ್ಲ."

ಅತ್ತ ತರಗತಿಯಲ್ಲಿ ಇನ್ನೊಂದು ನಾಟಕ. ಸೋಮವಾರ ಸ್ಟೆಲ್ಲಾ ಮಿಸ್ ಬರುತ್ತಾರೆ ಎಂದು ಶುಕ್ರವಾರವೇ ಹೇಳಿದ್ದೆ. ತರಗತಿಯ ಮುಖದ ರಕ್ತ ಇಳಿದುಹೋಯಿತು. ಶಾಲೆ ಬಿಟ್ಟ ಮೇಲೆ ತಬಸ್ಸುಮ್ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದಳು.

"ಮಿಸ್, ಸೋಮವಾರ ನಂಗೆ ಜ್ವರ ಬರುತ್ತೆ."

"ಈಗ್ಲೇ ಗೊತ್ತಾಯ್ತಾ?"

"ಅಫ್ರೀನ್‌ಗೂ ಬರುತ್ತೆ ಮಿಸ್. ಫುಲ್ ಕ್ಲಾಸಿಗೆ ಬರೋ ಥರ ಇದೆ."

ಅವಳಿಗೆ ನಿಜ ಹೇಳೋಣ ಅನ್ನಿಸಿತು. ಆದರೆ ಕುಕ್ ಟೌನಿನ ಸಂಜೆಗಳು ನನ್ನ ಗುಟ್ಟಲ್ಲ, ಮಿಸ್ ಗುಟ್ಟು. "ಅವರ ರೂಲು ಅವರಿಗಿಂತ ಚೆನ್ನಾಗಿ ಯಾರು ಮಾಡ್ತಾರಮ್ಮ? ಬಾ, ನೋಡು," ಎಂದಷ್ಟೇ ಹೇಳಿದೆ. ಅವಳು ಹುಳ್ಳಗೆ ನಕ್ಕು ಹೋದಳು. ಒಬ್ಬರಿಗೊಬ್ಬರು ಹೆದರಿ ಸಾಯುತ್ತಿರುವ ಎರಡು ಪಕ್ಷದ ನಡುವೆ ನಾನೊಬ್ಬಳೇ ಎಲ್ಲ ತಿಳಿದವಳು. ಶನಿವಾರ, ಭಾನುವಾರ ನನಗೇ ಜ್ವರ ಬಂದ ಹಾಗಿತ್ತು.

ಸೋಮವಾರ ಮೊದಲ ಪೀರಿಯಡ್ಡು. ಎಲ್ಲರೂ ಬಂದಿದ್ದರು, ಜ್ವರದ ಮಾತನ್ನು ಮನೆಯವರು ಯಾರೂ ನಂಬಿರಲಿಲ್ಲ. ನಾನು ಕಾರಿಡಾರಿನಲ್ಲಿ ಕಂಬದ ಮರೆಗೆ ನಿಂತೆ. ಸ್ಟೆಲ್ಲಾ ಮಿಸ್ ಕೋಲೂರಿಕೊಂಡು ಒಳಗೆ ಹೋದರು. ಅದೇ ಹಳೆಯ ಮೌನ. ಮಿಸ್ ಹಾಜರಿ ಪುಸ್ತಕ ತೆರೆದರು.

"ಅಫ್ರೀನ್."

"ಪ್ರೆಸೆಂಟ್ ಮಿಸ್," ಎಂದಳು ಆ ಹೆದರುಪುಕ್ಕಲಿ.

ಮಿಸ್ ತಲೆಯೆತ್ತಲಿಲ್ಲ. ಅವರು ಹಿಂದಕ್ಕೆ ತಿರುಗುತ್ತಾರೆ ಎಂದೇ ನಾನು ಕಂಬ ಹಿಡಿದುಕೊಂಡೆ. "ನಾನು ಅದನ್ನ ಕೇಳಲಿಲ್ಲ," ಎಂದರು ಮಿಸ್. "ತಿಂಡಿ ಏನು?"

ಅಫ್ರೀನ್ ಆ ಕಡೆ ಈ ಕಡೆ ನೋಡಿ, "ಆಲೂ ಪರಾಠಾ ಮಿಸ್" ಎಂದಳು. ಮಿಸ್ ಮುಂದಿನ ಹೆಸರು ಕರೆದರು. ಇಡ್ಲಿ. ಪೂರಿ. ಚಿತ್ರಾನ್ನ. ಹೀಗೆ ತಬಸ್ಸುಮ್ ತನಕ ಬಂತು. ಇಷ್ಟಕ್ಕೆಲ್ಲ ಕಾರಣಳಾದ ಆ ಹುಡುಗಿ ಎದ್ದು ನಿಂತಳು. ಕಣ್ಣು ತುಂಬಿತು. "ಮಿಸ್, ನಾವು ಏನಂದ್ರೆ..." ಎಂದು ಶುರು ಮಾಡಿದಳು.

"ತಿಂಡಿ ಕೇಳ್ದೆ ತಬಸ್ಸುಮ್," ಎಂದರು ಮಿಸ್.

"ಸೇವಿಯಾ ಮಿಸ್."

"ಕೂತ್ಕೋ."

ಎಲ್ಲರದೂ ಮುಗಿಯಿತು. ಮಿಸ್ ಪುಸ್ತಕ ಮುಚ್ಚಿ ಸೀಮೆಸುಣ್ಣ ಕೈಗೆತ್ತಿಕೊಂಡರು. ಆಗ ಹಿಂದಿನ ಬೆಂಚಿನಿಂದ ಶರಣಮ್ಮ ಕೇಳಿದಳು, "ನೀವೇನ್ ತಿಂದೀರಿ ಮಿಸ್?"

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ನನ್ನ ಉಪ್ಪಿಟ್ಟಿನ ವಿಷಯ ನಾನು ಅವರಿಗೆ ಹೇಳುವುದನ್ನೇ ಮರೆತಿದ್ದೆ. ಮಿಸ್ ಸೀಮೆಸುಣ್ಣವನ್ನು ಮತ್ತೆ ಮೇಜಿನ ಮೇಲಿಟ್ಟರು.

"ಏನೂ ಇಲ್ಲ," ಎಂದರು. "ನಿಮ್ಮನ್ನೆಲ್ಲ ನೋಡ್ಬೇಕಲ್ಲ ಅಂತ ಹೆದರಿಕೆ. ಗಂಟಲಲ್ಲಿ ಇಳೀಲಿಲ್ಲ."

ಒಂದು ಮಗುವೂ ನಗಲಿಲ್ಲ. ಎಲ್ಲೋ ಒಂದು ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ ಇನ್ನೊಂದು. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಮಧ್ಯಾಹ್ನದ ಡಬ್ಬಿಗಳೆಲ್ಲ ತೆರೆದು ಮೇಜಿನ ಕಡೆ ಹೊರಟವು. ಸ್ಟೆಲ್ಲಾ ಮಿಸ್ ತಮ್ಮ ಕುರ್ಚಿಯಲ್ಲಿ ಕೂತು, ಮೊದಲು ಯಾರದನ್ನು ತಿನ್ನಬೇಕೆಂದು ತಿಳಿಯದೆ, ಎರಡೂ ಕೈ ಚಾಚಿದ್ದರು. ತಬಸ್ಸುಮ್ ಎಲ್ಲರನ್ನೂ ತಳ್ಳಿ ಲೈನು ಮಾಡಿಸುತ್ತಿದ್ದಳು.

ನನಗೆ ಬಹಳ ಸಂತೋಷವಾಯಿತು. ಹೊಟ್ಟೆಯೂ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ. ಮರೆಯಿಂದ ಬಂದು ಬಾಗಿಲಲ್ಲಿ ನಿಂತೆ. ಯಾರಾದರೂ ನೋಡಿ "ಮಿಸ್, ಬನ್ನಿ" ಎನ್ನುತ್ತಾರೇನೋ ಎಂದು ಕಾದೆ. ಬಾಗಿಲ ಹತ್ತಿರವಿದ್ದ ಅಫ್ರೀನ್ ಒಬ್ಬಳು ನನ್ನನ್ನು ಕಂಡಳು. ಬಾಯಿ ತುಂಬ ಯಾರದೋ ರೊಟ್ಟಿ ಇತ್ತು.

"ಏನ್ ಬೇಕಿತ್ತು ಮಿಸ್?" ಎಂದಳು, ಬೇರೆ ಶಾಲೆಯವರನ್ನು ಕೇಳುವ ಹಾಗೆ, ಬಹಳ ಮರ್ಯಾದೆಯಿಂದ.

"ಏನೂ ಇಲ್ಲಮ್ಮ, ತಿನ್ನು," ಎಂದೆ.

ಅವಳು ಸರಿ ಮಿಸ್ ಎಂದು ಬಾಗಿಲು ಹಾಕಿಕೊಂಡಳು.